ಜಿ79.29+0.46: ಮಳೆಗಾಲದಲ್ಲಿ ಕಟ್ಟಿದ ಒಂದು ಇನ್‌ಫ್ರಾರೆಡ್ ಚಿತ್ರ, ಹಂತ ಹಂತವಾಗಿ

ಜಿ79.29+0.46 ಎಂಬ ನಕ್ಷತ್ರದ ಸುತ್ತ ಇರುವ ಅನಿಲ ಮತ್ತು ಧೂಳಿನ ಚಿಪ್ಪಿನ ಚಿತ್ರ ಪ್ರಿಂಟ್ ಆಗಿ ನಮ್ಮೂರ ಹೈಸ್ಕೂಲಿನ ವಿಜ್ಞಾನ ಕೊಠಡಿ ಸೇರಿದೆ. ಸೋಮವಾರಪೇಟೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಸಿಗುವುದಿಲ್ಲ. ಟೆಲಿಸ್ಕೋಪಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಬೇಕು. ಆ ತಿಂಗಳುಗಳಲ್ಲಿ ಮಾಡಬಹುದಾದದ್ದು ಅಂದ್ರೆ ಬಾಹ್ಯಾಕಾಶದ ದೂರದರ್ಶಕಗಳು ತೆಗೆದಿಟ್ಟಿರುವ ಡೇಟಾ ಇಳಿಸಿಕೊಂಡು ಅದರಿಂದ ಚಿತ್ರ ಕಟ್ಟುವುದು. ಡೇಟಾ ಉಚಿತ, ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಇದೇ ಕೆಲಸ ಮಾಡಹೊರಟವರಿಗೆ ಮೊದಲೇ ಒಂದು ಮಾತು. ಈ ಚಿಪ್ಪು ಚಿತ್ರದಲ್ಲಿ ರಿಂಗ್ ಆಗಿ ಕಾಣುತ್ತದೆ. ನನ್ನ ಹೊತ್ತು ಜಾಸ್ತಿ ಹೋಗಿದ್ದು ಆ ರಿಂಗ್ ಹುಡುಕುವುದಕ್ಕಲ್ಲ, ಸುಳ್ಳು ರಿಂಗ್‌ಗಳನ್ನು ತೆಗೆದುಹಾಕುವುದಕ್ಕೆ. ಇನ್‌ಫ್ರಾರೆಡ್ ಚಿತ್ರದಲ್ಲಿ ಇಲ್ಲದ ರಿಂಗ್ ಹುಟ್ಟುವ ದಾರಿಗಳು ಬಹಳ. ನನಗೆ ಎದುರಾದ ಮೂರನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ.

1. ಯಾಕೆ ಈ ನಕ್ಷತ್ರ

ರಾಜಹಂಸ ನಕ್ಷತ್ರಪುಂಜದ ನಡುವೆ ಸಾದ್ರ್ ಎಂಬ ನಕ್ಷತ್ರ ಇದೆ ಅಲ್ವಾ, ಅದರಿಂದ ಪೂರ್ವಕ್ಕೆ ಎರಡು ಡಿಗ್ರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿದೆ ಇದು. ಆಕಾಶದಲ್ಲಿ ಇದರ ವಿಳಾಸ: ಆರ್‌ಎ 20 ಗಂಟೆ 31 ನಿಮಿಷ 42 ಸೆಕೆಂಡ್, ಡೆಕ್ +40 ಡಿಗ್ರಿ 22 ನಿಮಿಷ. ಕೊಡಗಿನಿಂದ ನೋಡಿದರೆ ಅತಿ ಮೇಲೆ ಬಂದಾಗ 62 ಡಿಗ್ರಿ ಎತ್ತರ. ಅಷ್ಟು ಒಳ್ಳೆಯ ಜಾಗದಲ್ಲಿದ್ದರೂ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಏನೂ ಸಿಗುವುದಿಲ್ಲ. ನಡುವೆ ಸಿಗ್ನಸ್ ಎಕ್ಸ್ ಪ್ರದೇಶದ ಧೂಳು ಅಡ್ಡ ನಿಂತಿದೆ.

ಈ ಜಾತಿಯ ನಕ್ಷತ್ರಗಳಿಗೆ ಲ್ಯುಮಿನಸ್ ಬ್ಲೂ ವೇರಿಯಬಲ್ ಎನ್ನುತ್ತಾರೆ, ಚಿಕ್ಕದಾಗಿ ಎಲ್‌ಬಿವಿ. ಸೂರ್ಯನಿಗಿಂತ ಲಕ್ಷಗಟ್ಟಲೆ ಪಟ್ಟು ಬೆಳಗುವ ಭಾರಿ ನಕ್ಷತ್ರಗಳು. ತಮ್ಮ ಬೆಳಕಿನ ಒತ್ತಡವನ್ನು ತಾವೇ ತಡೆಯಲಾರದೆ ಮೈಮೇಲಿನ ಪದರವನ್ನು ಹೊರಗೆ ಎಸೆಯುತ್ತವೆ. 1840ರ ದಶಕದಲ್ಲಿ ಈಟಾ ಕರೀನಾ ಹೀಗೆ ಸಿಡಿಯಿತು. 1600ರಲ್ಲಿ ಪಿ ಸಿಗ್ನಿ. ಜಿ79.29+0.46 ಸಿಡಿದಿದ್ದನ್ನು ಯಾರೂ ನೋಡಿಲ್ಲ. ಹಾಗಾಗಿ ಅದನ್ನು ಇನ್ನೂ ಎಲ್‌ಬಿವಿ ಅಭ್ಯರ್ಥಿ ಎಂದೇ ಪಟ್ಟಿ ಮಾಡುತ್ತಾರೆ. ಆದರೆ ಎಸೆದ ಪದರ ಮಾತ್ರ ಅಚ್ಚುಕಟ್ಟಾದ ರಿಂಗ್ ಆಗಿ ಉಳಿದಿದೆ. ಮೊದಲು ರೇಡಿಯೋದಲ್ಲಿ ಕಂಡಿತು, ಆಮೇಲೆ ಇನ್‌ಫ್ರಾರೆಡ್‌ನಲ್ಲಿ.

ನಾನು ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಅಳತೆ. ಎಜಿ ಕರೀನಾ ಎಂಬ ಇನ್ನೊಂದು ಎಲ್‌ಬಿವಿಯ ಚಿಪ್ಪು ಎಷ್ಟೇ ಚೆನ್ನಾಗಿದ್ದರೂ ಬರೀ 40 ಆರ್ಕ್‌ಸೆಕೆಂಡ್ ಆಸುಪಾಸು (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ಉಚಿತ ಡೇಟಾದಲ್ಲಿ ಅದೊಂದು ಮಸುಕು ಚುಕ್ಕೆ ಅಷ್ಟೇ. ಜಿ79ರ ರಿಂಗ್ ಅಡ್ಡಕ್ಕೆ ಮೂರು ಆರ್ಕ್‌ಮಿನಿಟ್‌ಗಿಂತ ಜಾಸ್ತಿ.

2. ಸಾಮಾನು, ಖರ್ಚು

ಲ್ಯಾಪ್‌ಟಾಪ್ ಹಳೆಯದು, ಉಬುಂಟು ಹಾಕಿದ್ದೇನೆ. 4 ಜಿಬಿ ರ‍್ಯಾಮ್ ಸಾಲಲಿಲ್ಲ. ಸೆಕೆಂಡ್ ಹ್ಯಾಂಡ್ 8 ಜಿಬಿ ಹಾಕಿಸಿದೆ, 1,300 ರೂಪಾಯಿ. ಸಾಫ್ಟ್‌ವೇರ್ ಎಲ್ಲ ಉಚಿತ: ಖಗೋಳ ಡೇಟಾ ಬರುವ ಫಿಟ್ಸ್ ಫೈಲ್ ನೋಡಲು ಡಿಎಸ್9, ಲೆಕ್ಕಕ್ಕೆ ಪೈಥಾನ್ ಮತ್ತು ಆಸ್ಟ್ರೋಪೈ, ಕೊನೆಯ ಬಣ್ಣಕ್ಕೆ ಗಿಂಪ್. ಇನ್ವರ್ಟರ್ ಮನೆಯಲ್ಲಿ ಇತ್ತು. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಬರುವುದು ಮಾರನೇ ದಿನವೇ. ಇನ್ವರ್ಟರ್ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಲ್ಯಾಪ್‌ಟಾಪ್ ಇಡುವುದು ಬಲ್ಬ್ ಹಾಕಿದ ಬೀರುವಿನಲ್ಲಿ. ಕ್ಯಾಮರಾ ಲೆನ್ಸುಗಳೂ ಅಲ್ಲೇ. 40 ವ್ಯಾಟ್ ಬಲ್ಬ್ ದಿನವಿಡೀ ಉರಿಯುತ್ತದೆ. ಹೊರಗಿಟ್ಟರೆ ಒಂದೇ ಮಳೆಗಾಲದಲ್ಲಿ ಲೆನ್ಸಿನ ಒಳಗೆ ಬೂಷ್ಟು ಜೇಡರ ಬಲೆ ಕಟ್ಟುತ್ತದೆ.

3. ಮನೆಯ ಕ್ಯಾಮರಾದಲ್ಲಿ ಆಗುವುದಿಲ್ಲ

ಕೇಳುವವರು ಬಹಳ, ಅದಕ್ಕೇ ಬರೆಯುತ್ತಿದ್ದೇನೆ. ಫಿಲ್ಟರ್ ಕಿತ್ತು ಮಾರ್ಪಡಿಸಿದ ಡಿಎಸ್‌ಎಲ್‌ಆರ್‌ನಿಂದ ಇನ್‌ಫ್ರಾರೆಡ್ ಚಿತ್ರ ತೆಗೆಯುತ್ತಾರಲ್ಲ, ಅದು ಬೇರೆ ಇನ್‌ಫ್ರಾರೆಡ್. ಸಿಲಿಕಾನ್ ಸೆನ್ಸರ್ 1.1 ಮೈಕ್ರಾನ್ ತರಂಗಕ್ಕೆ ನಿಂತುಬಿಡುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಈ ಚಿಪ್ಪಿನ ಧೂಳು ಬೆಳಗುವುದು 20 ಮೈಕ್ರಾನ್ ದಾಟಿದ ಮೇಲೆ. ಆ ತರಂಗಗಳಲ್ಲಿ ಬಹುಪಾಲನ್ನು ನಮ್ಮ ಗಾಳಿಯ ನೀರಾವಿ ನುಂಗುತ್ತದೆ. ಮಡಿಕೇರಿಯ ಎತ್ತರ ಸುಮಾರು 1,170 ಮೀಟರ್, ಗಾಳಿಯಲ್ಲಿ ಬೇಕಾದಷ್ಟು ತೇವ. ಲಡಾಖಿನ ಹಾನ್ಲೆ 4,500 ಮೀಟರ್ ಎತ್ತರದ ಒಣ ಜಾಗ. ಅಲ್ಲಿಂದಲೂ 22 ಮೈಕ್ರಾನ್ ಕಷ್ಟವೇ. ಜೊತೆಗೆ ದೂರದರ್ಶಕದ ಮೈಯೇ ಶಾಖಕ್ಕೆ ಬೆಳಗುತ್ತಿರುತ್ತದೆ. ಅದಕ್ಕೇ ಈ ಉಪಕರಣಗಳನ್ನು ಮೇಲಕ್ಕೆ ಕಳಿಸಿ, ತಣ್ಣಗೆ ಇಡುತ್ತಾರೆ. ವೈಸ್ ದೂರದರ್ಶಕವನ್ನು ಘನ ಹೈಡ್ರೋಜನ್‌ನಿಂದ ತಣಿಸಿದ್ದರು, ಅದು 2010ರಲ್ಲಿ ಮುಗಿಯಿತು. ಸ್ಪಿಟ್ಜರ್ ಎಂಬ ಇನ್ನೊಂದು ಬಾಹ್ಯಾಕಾಶ ದೂರದರ್ಶಕದ್ದು ದ್ರವ ಹೀಲಿಯಂ, ಅದು 2009ರ ಮೇ ತಿಂಗಳಲ್ಲಿ ಖಾಲಿ. ನಾನು ಬಳಸಿದ್ದು ಆ ತಣ್ಣಗಿದ್ದ ದಿನಗಳ ಡೇಟಾ.

4. ಜೂನ್: ಡೌನ್‌ಲೋಡ್

ಮೊದಲು ವೈಸ್. 2009ರ ಡಿಸೆಂಬರ್ 14ಕ್ಕೆ ಹಾರಿದ್ದು, ಕನ್ನಡಿ 40 ಸೆಂ.ಮೀ., ಇಡೀ ಆಕಾಶವನ್ನು 3.4, 4.6, 12 ಮತ್ತು 22 ಮೈಕ್ರಾನ್‌ಗಳಲ್ಲಿ ತೆಗೆದಿದೆ. ಕ್ಯಾಲ್ಟೆಕ್‌ನಲ್ಲಿರುವ ಇರ್ಸಾ ಎಂಬ ಆರ್ಕೈವಿನಲ್ಲಿ ಎಲ್ಲ ಸಿಗುತ್ತದೆ, ಖಾತೆ ಕೂಡ ಬೇಡ.

ವೈಸ್ ಚಿತ್ರಗಳನ್ನು ಸೇರಿಸಿ ಮಾಡಿದ ಆಲ್‌ವೈಸ್ ಸಂಗ್ರಹದ ಒಂದು ಪೂರ್ತಿ ತುಂಡು 4095 × 4095 ಪಿಕ್ಸೆಲ್. ಬಿಚ್ಚಿದ ಮೇಲೆ ಒಂದು ಬ್ಯಾಂಡಿಗೆ, ಅಂದರೆ ಒಂದು ತರಂಗದ ಚಿತ್ರಕ್ಕೆ, 67 ಎಂಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅರ್ಧಕ್ಕೆ ನಿಂತು ಫೈಲ್ ಹಾಳಾಗುತ್ತಲೇ ಇತ್ತು. ಜೋರು ಮಳೆಯಲ್ಲಿ ಟವರ್ ಹೋದರೆ ಕಾಫಿ ಕಣದ ಮೂಲೆಗೆ ಹೋಗಿ ನಿಂತರೂ ಒಂದು ಕಡ್ಡಿ ಸಿಗ್ನಲ್ ಬರುವುದಿಲ್ಲ.

ದಾರಿ ಸುಲಭದ್ದೇ ಇತ್ತು. ಇರ್ಸಾದಲ್ಲಿ ಬೇಕಾದಷ್ಟು ಜಾಗ ಮಾತ್ರ ಕತ್ತರಿಸಿದ ಕಟೌಟ್ ಕೇಳಬಹುದು. ನಕ್ಷತ್ರವನ್ನು ನಡುವೆ ಇಟ್ಟು 30 ಆರ್ಕ್‌ಮಿನಿಟ್ ಚೌಕ ಕೇಳಿದೆ. ಪಿಕ್ಸೆಲ್ 1.375 ಆರ್ಕ್‌ಸೆಕೆಂಡ್, ಹಾಗಾಗಿ 1309 ಪಿಕ್ಸೆಲ್, ಬ್ಯಾಂಡಿಗೆ 7 ಎಂಬಿ. ನಾಲ್ಕು ಬ್ಯಾಂಡೂ ಮಳೆ ಸ್ವಲ್ಪ ಬಿಟ್ಟ ಹೊತ್ತಿನಲ್ಲಿ ಇಳಿಯಿತು. ಬರೀ ರಿಂಗ್ ಹಿಡಿಸುವಷ್ಟು ಚಿಕ್ಕ ಕಟೌಟ್ ಕೇಳಬೇಡಿ. ಹಿನ್ನೆಲೆ ಲೆಕ್ಕ ಹಾಕಲು ಸುತ್ತ ಖಾಲಿ ಜಾಗ ಬೇಕು.

ಡಿಎಸ್9ನಲ್ಲಿ 22 ಮೈಕ್ರಾನ್ ಫೈಲ್ ತೆರೆದು ಸ್ಕೇಲನ್ನು ಲಾಗ್ ಮಾಡಿದ ಕೂಡಲೇ ರಿಂಗ್ ಕಾಣುತ್ತದೆ. ಅದೇ ಜಾಗವನ್ನು 3.4 ಮೈಕ್ರಾನ್‌ನಲ್ಲಿ ತೆರೆದರೆ ಬರೀ ನಕ್ಷತ್ರಗಳು, ನಡುವಿನದು ಎಲ್ಲಕ್ಕಿಂತ ಜೋರು, ರಿಂಗ್ ಇಲ್ಲ. ಎರಡನ್ನೂ ಬ್ಲಿಂಕ್ ಮಾಡಿ, ಅಂದರೆ ಒಂದಾದ ಮೇಲೆ ಒಂದು ಬದಲಿಸುತ್ತಾ ನೋಡಿ. ನಕ್ಷತ್ರ ಒಂದು ಬೆಳಕಿನಲ್ಲಿ, ಅದು ಎಸೆದದ್ದು ಇನ್ನೊಂದು ಬೆಳಕಿನಲ್ಲಿ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಹಂತ ಇದೇ.

5. ಮೊದಲ ಬಣ್ಣದ ಚಿತ್ರ: ಎಲ್ಲಾ ನಕ್ಷತ್ರಕ್ಕೂ ಚಿಪ್ಪು

ಕೆಂಪಿಗೆ 22, ಹಸಿರಿಗೆ 12, ನೀಲಿಗೆ 3.4. ಒಂದೇ ತುಂಡಿನ ಬ್ಯಾಂಡ್‌ಗಳು ಒಂದೇ ಗ್ರಿಡ್‌ನಲ್ಲಿ ಇರುವುದರಿಂದ ಹೊಂದಿಸುವ ಕೆಲಸ ಇಲ್ಲ. ಸೀದಾ ಸೇರಿಸಿದೆ. ನೋಡಲು ಬಹಳ ಚೆನ್ನಾಗಿತ್ತು. ಪಕ್ಕದ ಮನೆಯ ಹುಡುಗಿ, ಸೆಕೆಂಡ್ ಪಿಯುಸಿ, ಈ ಕೆಲಸದಲ್ಲಿ ನನ್ನ ಜೊತೆ ಕೂರುತ್ತಿದ್ದಳು. ಅವಳು ಸ್ಕ್ರೀನಿಗೆ ಹತ್ತಿರ ಬಂದು ಕೇಳಿದಳು, “ಅಂಕಲ್, ಎಲ್ಲಾ ನಕ್ಷತ್ರಕ್ಕೂ ಚಿಪ್ಪು ಇರುತ್ತಾ?”

ಸರಿಯಾದ ಪ್ರಶ್ನೆ. ಜೋರಾಗಿರುವ ಪ್ರತಿ ನಕ್ಷತ್ರದ ಸುತ್ತಲೂ ಒಂದು ತೆಳು ಕೆಂಪು ಅಂಚು ಇತ್ತು. ಇದು ಸುಳ್ಳು ರಿಂಗ್ ನಂಬರ್ ಒಂದು. ವೈಸ್ ಕ್ಯಾಮರಾದ 3.4 ಮೈಕ್ರಾನ್ ಬ್ಯಾಂಡಿನಲ್ಲಿ ನಕ್ಷತ್ರದ ಚುಕ್ಕೆ 6.1 ಆರ್ಕ್‌ಸೆಕೆಂಡ್ ಅಗಲ, 12 ಮೈಕ್ರಾನ್‌ನಲ್ಲಿ 6.5, ಆದರೆ 22 ಮೈಕ್ರಾನ್‌ನಲ್ಲಿ 12. ಚಿಕ್ಕ ನೀಲಿ ಚುಕ್ಕೆ ದೊಡ್ಡ ಕೆಂಪು ಚುಕ್ಕೆಯ ಮೇಲೆ ಕೂತರೆ ಹೊರಗೆ ಕೆಂಪು ಅಂಚು ಉಳಿಯುತ್ತದೆ. ಅಷ್ಟೇ ವಿಷಯ.

ಇದರ ಜೊತೆಗೇ ನಂಬರ್ ಎರಡು. ದೂರದರ್ಶಕದ ಕನ್ನಡಿ ಚಿಕ್ಕದಿದ್ದಷ್ಟೂ ನಕ್ಷತ್ರದ ಸುತ್ತ ಬೆಳಕಿನ ಅಲೆಯೇ ಒಂದು ಮಂಕು ರಿಂಗ್ ಬಿಡಿಸುತ್ತದೆ. 40 ಸೆಂ.ಮೀ. ಕನ್ನಡಿಗೆ 22 ಮೈಕ್ರಾನ್‌ನಲ್ಲಿ ಆ ರಿಂಗ್ ಬೀಳುವುದು ಸುಮಾರು 18 ಆರ್ಕ್‌ಸೆಕೆಂಡ್ ದೂರದಲ್ಲಿ. 85 ಸೆಂ.ಮೀ.ನ ಸ್ಪಿಟ್ಜರ್‌ಗೆ 24 ಮೈಕ್ರಾನ್‌ನಲ್ಲಿ ಸುಮಾರು 9.5 ಆರ್ಕ್‌ಸೆಕೆಂಡ್. ಈ ಎರಡು ಅಂಕೆ ಗೋಡೆಗೆ ಬರೆದು ಅಂಟಿಸಿ. ನಿಮಗೆ ಸಿಕ್ಕ ರಿಂಗ್ ಇಷ್ಟೇ ಅಳತೆಯದಾಗಿದ್ದು, ಅಕ್ಕಪಕ್ಕದ ನಕ್ಷತ್ರಗಳಿಗೂ ಅದೇ ಅಳತೆಯ ರಿಂಗ್ ಇದ್ದರೆ ಅದು ಕನ್ನಡಿಯದು, ಆಕಾಶದ್ದಲ್ಲ. ಜಿ79ರ ರಿಂಗಿನ ಅರೆವ್ಯಾಸ ಸುಮಾರು 100 ಆರ್ಕ್‌ಸೆಕೆಂಡ್, ಹಾಗಾಗಿ ಅದಕ್ಕೆ ಈ ಅನುಮಾನ ತಟ್ಟುವುದಿಲ್ಲ.

6. ಮಸುಕು ಹೊಂದಿಸುವುದು

ಕೆಂಪು ಅಂಚು ಹೋಗಬೇಕಾದರೆ ಚೂಪಾದ ಬ್ಯಾಂಡ್‌ಗಳನ್ನು 22 ಮೈಕ್ರಾನ್‌ನಷ್ಟೇ ಮಸುಕು ಮಾಡಬೇಕು. ಮನಸ್ಸು ಒಪ್ಪುವುದಿಲ್ಲ, ಆದರೆ ಬೇರೆ ದಾರಿ ಇಲ್ಲ.

ಲೆಕ್ಕ ಹೀಗೆ. 12ರ ವರ್ಗದಿಂದ 6.1ರ ವರ್ಗ ಕಳೆದು ವರ್ಗಮೂಲ ತೆಗೆದರೆ 10.3 ಆರ್ಕ್‌ಸೆಕೆಂಡ್. ಪಿಕ್ಸೆಲ್ ಅಳತೆ 1.375ರಿಂದ ಭಾಗಿಸಿದರೆ 7.5 ಪಿಕ್ಸೆಲ್. ಅದನ್ನು 2.355ರಿಂದ ಭಾಗಿಸಿದರೆ ಗಾಸಿಯನ್‌ನ (ಗಂಟೆಯಾಕಾರದ ಮಸುಕಿನ) ಅಗಲ ಹೇಳುವ ಸಿಗ್ಮಾ 3.2 ಪಿಕ್ಸೆಲ್. 12 ಮೈಕ್ರಾನ್ ಬ್ಯಾಂಡಿಗೆ ಇದೇ ಲೆಕ್ಕ 3.1 ಕೊಡುತ್ತದೆ. ನಿಜವಾದ ಚುಕ್ಕೆಗಳು ಪಕ್ಕಾ ಗಾಸಿಯನ್ ಅಲ್ಲ, ಆದರೂ ಗೋಡೆಗೆ ಹಾಕುವ ಚಿತ್ರಕ್ಕೆ ಇಷ್ಟು ಸಾಕು.

ಮೊದಲು ಸೈಪೈ ಲೈಬ್ರರಿಯ ಗಾಸಿಯನ್ ಫಿಲ್ಟರ್ ಹಾಕಿದೆ. ಚಿತ್ರದ ತುಂಬಾ ಕಪ್ಪು ಚೌಕಗಳು ಬಂದವು. ಒಂದೊಂದೂ 27 ಪಿಕ್ಸೆಲ್ ಅಥವಾ ಇನ್ನೂ ದೊಡ್ಡದು, ಒಂದು ನಮ್ಮ ನಕ್ಷತ್ರದ ಮೇಲೆಯೇ. ಫೈಲ್ ಹಾಳಾಗಿದೆ ಅಂದುಕೊಂಡು ಮತ್ತೆ ಇಳಿಸಿದರೂ ಅದೇ. ಕಾರಣ ಬೇರೆ. ವೈಸ್‌ನ 3.4 ಮೈಕ್ರಾನ್ ಬ್ಯಾಂಡ್ ಸುಮಾರು 8ನೇ ಮ್ಯಾಗ್ನಿಟ್ಯೂಡ್‌ಗಿಂತ ಜೋರಾದ ನಕ್ಷತ್ರಕ್ಕೆ ತುಂಬಿ ಹರಿಯುತ್ತದೆ (ಮ್ಯಾಗ್ನಿಟ್ಯೂಡ್ ಅಂಕೆ ಚಿಕ್ಕದಾದಷ್ಟೂ ನಕ್ಷತ್ರ ಜೋರು). ನಮ್ಮ ನಕ್ಷತ್ರ ಇನ್‌ಫ್ರಾರೆಡ್‌ನಲ್ಲಿ ಅದಕ್ಕಿಂತ ಎಷ್ಟೋ ಜೋರು. ಅಂಥ ನಕ್ಷತ್ರಗಳ ನಡುವಿನ ಪಿಕ್ಸೆಲ್‌ಗಳಲ್ಲಿ ಅಂಕೆಯೇ ಇರಲಿಲ್ಲ, ‘ನ್ಯಾನ್’ ಇತ್ತು. ಸೈಪೈ ಫಿಲ್ಟರ್ ಎಲ್ಲಿ ಒಂದು ನ್ಯಾನ್ ಕಂಡರೂ ತಾನು ಮುಟ್ಟುವ ಪಿಕ್ಸೆಲ್‌ಗಳನ್ನೆಲ್ಲ ನ್ಯಾನ್ ಮಾಡುತ್ತದೆ. ಸಿಗ್ಮಾ 3.2 ಇದ್ದರೆ ಅದು ಎಡಕ್ಕೆ 13, ಬಲಕ್ಕೆ 13 ಪಿಕ್ಸೆಲ್ ಮುಟ್ಟುತ್ತದೆ. ಅದಕ್ಕೇ 27ರ ಚೌಕ.

ಆಸ್ಟ್ರೋಪೈನ ಕನ್ವಾಲ್ವ್ ಬಳಸಿದರೆ ಅದು ನ್ಯಾನ್ ಪಿಕ್ಸೆಲ್ ಬಿಟ್ಟು ಅಕ್ಕಪಕ್ಕದ ಅಂಕೆಗಳಿಂದ ತುಂಬುತ್ತದೆ. ಚೌಕಗಳು ಹೋದವು. ನಕ್ಷತ್ರದ ನಡುಭಾಗ ಹೀಗೆ ತುಂಬಿಸಿದ್ದು, ಅಳೆದದ್ದಲ್ಲ ಎಂಬುದನ್ನು ಮರೆಯಬೇಡಿ. ಆ ಜಾಗದ ಬೆಳಕನ್ನು ಅಳೆಯಲು ಹೋಗಬಾರದು. ರಿಂಗಿನ ಕೇಂದ್ರವನ್ನೂ ಆ ಚುಕ್ಕೆಯಿಂದ ತೆಗೆಯದೆ ಕ್ಯಾಟಲಾಗಿನ ಆರ್‌ಎ, ಡೆಕ್ ಕೊಟ್ಟು ಫೈಲಿನ ನಿರ್ದೇಶಾಂಕದಿಂದಲೇ ತೆಗೆದೆ.

ಮಸುಕು ಹೊಂದಿಸಿದ ಮೇಲೆ ಮತ್ತೆ ಬಣ್ಣ ಸೇರಿಸಿದಾಗ ಎಲ್ಲ ನಕ್ಷತ್ರಗಳ ಕೆಂಪು ಅಂಚು ಹೋಯಿತು. ಉಳಿದದ್ದು ಒಂದೇ ರಿಂಗ್. ಹುಡುಗಿ ಹಳೆಯ ಚಿತ್ರ ಮತ್ತು ಹೊಸದನ್ನು ಪಕ್ಕ ಪಕ್ಕ ಇಟ್ಟು ನೋಡಿ, ಹಳೆಯದರಲ್ಲಿ ತನಗೆ ಅನುಮಾನ ಬಂದಿದ್ದ ಪ್ರತಿ ನಕ್ಷತ್ರವನ್ನೂ ಪೆನ್ಸಿಲ್‌ನಿಂದ ಟಿಕ್ ಹಾಕಿದಳು.

7. ಕಕ್ಕಡ: ಹಿನ್ನೆಲೆ ತೆಗೆಯುವುದು

ಜುಲೈ ಕೊನೆ, ಆಗಸ್ಟ್ ಮೊದಲು. ಮಳೆ ಗೇಜಿನಲ್ಲಿ ದಿನಕ್ಕೆ ಐದಾರು ಇಂಚು ಬರೆಯುತ್ತಿದ್ದ ಹೊತ್ತು. ಕೆಲಸ ಅತಿ ಹೆಚ್ಚು ಸಿಕ್ಕಿಹಾಕಿಕೊಂಡದ್ದು ಇಲ್ಲಿ.

ಸಿಗ್ನಸ್ ಎಕ್ಸ್ ಪೂರ್ತಿ ಬೆಚ್ಚಗಿನ ಧೂಳಿನ ಪ್ರದೇಶ. 12 ಮತ್ತು 22 ಮೈಕ್ರಾನ್‌ನಲ್ಲಿ ಎಲ್ಲ ಕಡೆ ಬೆಳಕು. ಮಂಜಿನಲ್ಲಿ ಜೀಪಿನ ಹೈಬೀಮ್ ಹಾಕಿದ ಹಾಗೆ, ಬೆಳಕು ಇದೆ, ಆದರೆ ದಾರಿ ಕಾಣುವುದಿಲ್ಲ. ಸಾಲದ್ದಕ್ಕೆ ಹತ್ತು ಆರ್ಕ್‌ಮಿನಿಟ್ ದೂರದಲ್ಲೇ ಡಿಆರ್ 15 ಎಂಬ ನಕ್ಷತ್ರ ಹುಟ್ಟುವ ಜಾಗ, ರಿಂಗಿಗಿಂತ ಎಷ್ಟೋ ಜೋರು. ಸ್ಟ್ರೆಚ್ ಅನ್ನು (ಮಂಕು-ಜೋರು ತೋರಿಸುವ ಪ್ರಮಾಣ) ಅದಕ್ಕೆ ಹೊಂದಿಸಿದರೆ ರಿಂಗ್ ಮುಳುಗುತ್ತದೆ, ರಿಂಗಿಗೆ ಹೊಂದಿಸಿದರೆ ಅದು ಬಿಳಿಚಿಕೊಳ್ಳುತ್ತದೆ.

ಎಲ್ಲರೂ ಹೇಳುವ ಉಪಾಯ ಮೀಡಿಯನ್ ಫಿಲ್ಟರ್. ಪ್ರತಿ ಪಿಕ್ಸೆಲ್‌ಗೂ ಸುತ್ತಲಿನ ಒಂದು ಚೌಕದ ಮೀಡಿಯನ್ (ಅಂಕೆಗಳನ್ನು ಸಾಲಾಗಿ ಇಟ್ಟರೆ ನಡುವೆ ಬರುವುದು) ತೆಗೆದು, ಅದನ್ನು ಹಿನ್ನೆಲೆ ಎಂದು ಕಳೆಯುವುದು. 41 ಪಿಕ್ಸೆಲ್ ಚೌಕ ಇಟ್ಟೆ, ಅಂದರೆ 56 ಆರ್ಕ್‌ಸೆಕೆಂಡ್. ಹಿನ್ನೆಲೆ ಪೂರ್ತಿ ಸ್ವಚ್ಛವಾಯಿತು, ರಿಂಗ್ ತಂತಿ ಎಳೆದಂತೆ ತೆಳ್ಳಗೆ ಬಂತು. ಅದರ ಹೊರಗೆ ಒಂದು ಕಪ್ಪು ಅಂತರ. ಅದಕ್ಕೂ ಹೊರಗೆ ಇನ್ನೊಂದು ಮಂಕು ರಿಂಗ್!

ಜಿ79ಕ್ಕೆ ಎರಡನೆಯ ಚಿಪ್ಪು ಇದೆ ಎಂದು 2010ರಲ್ಲೇ ಸ್ಪಿಟ್ಜರ್ ಡೇಟಾದಿಂದ ವರದಿಯಾಗಿದೆ. ಹಾಗಾಗಿ ಇದೇ ಅದು ಎಂದು ನಂಬಿಬಿಡುವುದು ಬಹಳ ಸುಲಭ. ನಂಬುವ ಮೊದಲು ಒಂದು ಪರೀಕ್ಷೆ: ಚೌಕವನ್ನು 81 ಪಿಕ್ಸೆಲ್‌ಗೆ ಬದಲಿಸಿ ಅದೇ ಕೆಲಸ ಮತ್ತೆ ಮಾಡುವುದು. ಮಾಡಿದೆ. ಹೊರಗಿನ ರಿಂಗ್ ಇನ್ನೂ ಹೊರಗೆ ಸರಿಯಿತು. 61ಕ್ಕೆ ಇಟ್ಟರೆ ನಡುವೆ ಎಲ್ಲೋ. ಆಕಾಶದಲ್ಲಿರುವ ವಸ್ತು ನಾನು ಆರಿಸಿದ ಚೌಕಕ್ಕೆ ತಕ್ಕಂತೆ ಜಾಗ ಬದಲಿಸುವುದಿಲ್ಲ. ಚೌಕದೊಳಗೆ ರಿಂಗಿನ ಪಿಕ್ಸೆಲ್‌ಗಳು ಜಾಸ್ತಿ ಬಂದ ಕಡೆ ಮೀಡಿಯನ್ ಏರುತ್ತದೆ, ಕಳೆದಾಗ ಅಲ್ಲಿ ಕಪ್ಪು ಹಳ್ಳ ಬೀಳುತ್ತದೆ. ಹಳ್ಳ ಮುಗಿದ ಕಡೆ ಕಣ್ಣಿಗೆ ಅಂಚು ಕಾಣುತ್ತದೆ. ಇದು ಸುಳ್ಳು ರಿಂಗ್ ನಂಬರ್ ಮೂರು. ಮೂರರಲ್ಲಿ ಇದೇ ಅಪಾಯದ್ದು, ಯಾಕಂದ್ರೆ ಇದು ನೋಡಲು ಎಲ್ಲಕ್ಕಿಂತ ಚೆಂದ. ಗಿಂಪ್‌ನ ಅನ್‌ಶಾರ್ಪ್ ಮಾಸ್ಕ್ ಜೋರಾಗಿ ಹಾಕಿದರೂ ಇದೇ ಆಗುತ್ತದೆ.

ಕೊನೆಗೆ ಉಳಿದ ವಿಧಾನ ತುಂಬಾ ಸಾದಾ. ರಿಂಗ್ ಇರುವ ಜಾಗವನ್ನು ಮುಟ್ಟಲೇಬಾರದು. ಕೇಂದ್ರದಿಂದ 250 ಆರ್ಕ್‌ಸೆಕೆಂಡ್‌ವರೆಗಿನ ವೃತ್ತ ಪೂರ್ತಿ ಮುಚ್ಚಿದೆ. ಡಿಆರ್ 15ರ ಮೇಲೆ 5 ಆರ್ಕ್‌ಮಿನಿಟ್ ಅರೆವ್ಯಾಸದ ವೃತ್ತ ಮುಚ್ಚಿದೆ. ಜೋರು ನಕ್ಷತ್ರಗಳನ್ನು ಮುಚ್ಚಿದೆ. ಉಳಿದದ್ದರಲ್ಲಿ 250ರಿಂದ 420 ಆರ್ಕ್‌ಸೆಕೆಂಡ್ ನಡುವಿನ ಪಟ್ಟಿಗೆ ಒಂದು ಓರೆ ಸಮತಲ ಹೊಂದಿಸಿ, ಅದನ್ನು ಇಡೀ ಚಿತ್ರದಿಂದ ಕಳೆದೆ. ಹಿನ್ನೆಲೆ ಪೂರ್ತಿ ಕಪ್ಪಾಗುವುದಿಲ್ಲ, ಮೋಡ ಮೋಡವಾಗಿ ಉಳಿಯುತ್ತದೆ. ಉಳಿಯಲಿ. ಅದು ಅಲ್ಲಿ ನಿಜವಾಗಿಯೂ ಇರುವ ಧೂಳು. ರಿಂಗಿನ ಅಂಚಿಗೆ ತಾಗಿಕೊಂಡು ಒಂದು ತಣ್ಣನೆಯ ಕಪ್ಪು ಮೋಡದ ಪಟ್ಟಿ ಇದೆ. ಚಿಪ್ಪು ಹಿಗ್ಗುತ್ತಾ ಹೋಗಿ ಅದಕ್ಕೆ ಢಿಕ್ಕಿ ಹೊಡೆಯುತ್ತಿದೆ ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಮೀಡಿಯನ್ ಫಿಲ್ಟರ್ ಹಾಕಿದ್ದರೆ ಆ ಪಟ್ಟಿಯೇ ಹೋಗಿಬಿಡುತ್ತಿತ್ತು.

ಸ್ಟ್ರೆಚ್‌ಗೆ ಲಾಗ್ ಬಿಟ್ಟು ಎಸಿನ್ಹ್ ಹಾಕಿದೆ. ಮಂಕಾದದ್ದು ಮೇಲೆ ಬರುತ್ತದೆ, ಜೋರಾದದ್ದು ತೀರಾ ಬಿಳಿಚುವುದಿಲ್ಲ.

8. ಅಳತೆ

ಚಿತ್ರ ಚೆನ್ನಾಗಿದೆ ಎಂದು ಬಿಡಬಾರದು, ಅಳೆಯಬೇಕು. ಕೇಂದ್ರದಿಂದ ಎರಡೆರಡು ಪಿಕ್ಸೆಲ್ ಅಗಲದ ಉಂಗುರಗಳನ್ನು ಮಾಡಿ, ಪ್ರತಿಯೊಂದರ ಮೀಡಿಯನ್ ತೆಗೆದು ಗ್ರಾಫ್ ಹಾಕಿದೆ. ಸರಾಸರಿ ತೆಗೆದರೆ ನಡುವೆ ಸಿಕ್ಕ ಒಂದೆರಡು ನಕ್ಷತ್ರಗಳಿಂದ ಗ್ರಾಫಿನಲ್ಲಿ ಮುಳ್ಳು ಏಳುತ್ತದೆ. 22 ಮೈಕ್ರಾನ್‌ನಲ್ಲಿ ಗ್ರಾಫ್ ಏರಿ ನೆತ್ತಿ ಮುಟ್ಟುವುದು 100 ಆರ್ಕ್‌ಸೆಕೆಂಡ್ ಆಸುಪಾಸಿನಲ್ಲಿ, 73 ಪಿಕ್ಸೆಲ್. ಪ್ರಕಟವಾದ ಅಳತೆಗೂ ಇದು ಹೊಂದುತ್ತದೆ.

ಹುಡುಗಿಗೆ ಲೆಕ್ಕ ಕೊಟ್ಟೆ. ಸಾಮಾನ್ಯವಾಗಿ ಬಳಸುವ ದೂರ 1.7 ಕಿಲೋಪಾರ್ಸೆಕ್, ಸುಮಾರು 5,500 ಜ್ಯೋತಿರ್ವರ್ಷ. 100 ಆರ್ಕ್‌ಸೆಕೆಂಡ್ ಅಂದರೆ ಆ ದೂರದಲ್ಲಿ ಭೂಮಿ-ಸೂರ್ಯರ ಅಂತರದ 1,70,000 ಪಟ್ಟು, 2.7 ಜ್ಯೋತಿರ್ವರ್ಷ. ಚಿಪ್ಪು ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಹಿಗ್ಗುತ್ತಿದೆ ಎಂದು ಇಟ್ಟುಕೊಂಡರೆ ಇಷ್ಟು ದೂರ ಹೋಗಲು ಸುಮಾರು 27,000 ವರ್ಷ. ದೂರ ಬದಲಾದರೆ ಈ ಅಂಕೆಯೂ ಅದೇ ಲೆಕ್ಕದಲ್ಲಿ ಬದಲಾಗುತ್ತದೆ. ಅವಳು ಇದನ್ನು ನೋಟ್‌ಬುಕ್ಕಿನಲ್ಲಿ ಮಾಡಿ, ಕೆಳಗೆ ‘ವೇಗ ಊಹೆ’ ಎಂದು ತಾನೇ ಬರೆದು ಅಡಿಗೆರೆ ಎಳೆದಿದ್ದಳು. ಪ್ರಿಂಟಿನ ಕೆಳಗಿನ ವಿವರದಲ್ಲೂ ಆ ಎರಡು ಪದ ಹಾಗೇ ಇವೆ.

9. ಸ್ಪಿಟ್ಜರ್‌ಗೆ ಬದಲಾಯಿಸಿದ್ದು

ಪ್ರಿಂಟಿಗೆ ವೈಸ್ ಸಾಲುವುದಿಲ್ಲ. ರಿಂಗಿನ ಸುತ್ತ 12 ಆರ್ಕ್‌ಮಿನಿಟ್ ಕತ್ತರಿಸಿದರೆ 524 ಪಿಕ್ಸೆಲ್, ಅದರಲ್ಲೂ 12 ಆರ್ಕ್‌ಸೆಕೆಂಡ್ ಮಸುಕು. ಸ್ಪಿಟ್ಜರ್‌ನ 24 ಮೈಕ್ರಾನ್ ಕ್ಯಾಮರಾ 6 ಆರ್ಕ್‌ಸೆಕೆಂಡ್‌ವರೆಗೆ ಬಿಡಿಸುತ್ತದೆ. ಸಿಗ್ನಸ್ ಎಕ್ಸ್‌ನ 24 ಚದರ ಡಿಗ್ರಿ ಜಾಗವನ್ನು ಅದು ಪ್ರತ್ಯೇಕವಾಗಿ ಸರ್ವೆ ಮಾಡಿದೆ. ಆ ಫೈಲ್‌ಗಳೂ ಇರ್ಸಾದಲ್ಲೇ ಇವೆ.

ಹಾಗಾದರೆ ಮೊದಲೇ ಸ್ಪಿಟ್ಜರ್ ತೆಗೆದುಕೊಳ್ಳಬಹುದಿತ್ತಲ್ಲ? ಕಲಿಯಲು ವೈಸ್ ಸುಲಭ. ಎಲ್ಲ ಬ್ಯಾಂಡೂ ಒಂದೇ ಗ್ರಿಡ್. ಸ್ಪಿಟ್ಜರ್‌ನಲ್ಲಿ 24 ಮೈಕ್ರಾನ್ ಒಂದು ಕ್ಯಾಮರಾ, 3.6ರಿಂದ 8 ಮೈಕ್ರಾನ್ ಇನ್ನೊಂದು. ಪಿಕ್ಸೆಲ್ ಬೇರೆ, ತಿರುವು ಬೇರೆ. ರಿಪ್ರೊಜೆಕ್ಟ್ ಎಂಬ ಪೈಥಾನ್ ಸಾಮಾನಿನಿಂದ ಎಲ್ಲವನ್ನೂ ಒಂದೇ ಗ್ರಿಡ್‌ಗೆ ತರಬೇಕು. 8 ಮೈಕ್ರಾನ್‌ನ ಚುಕ್ಕೆ 2 ಆರ್ಕ್‌ಸೆಕೆಂಡ್, ಅದನ್ನು 6ಕ್ಕೆ ಮಸುಕು ಮಾಡಲು ಬೇಕಾದದ್ದು 5.7. ಫೈಲಿನ ಹೆಡರ್‌ನಲ್ಲಿರುವ ಪಿಕ್ಸೆಲ್ ಅಳತೆಯಿಂದ ಭಾಗಿಸಿಕೊಳ್ಳಿ. ಹಿನ್ನೆಲೆಯ ವಿಧಾನ ಅದೇ.

ಸ್ಪಿಟ್ಜರ್‌ನಲ್ಲಿ ರಿಂಗ್ ಒಂದೇ ಸಮ ಇಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಎಳೆ ಎಳೆ. ವೈಸ್‌ನಲ್ಲಿ ನುಣ್ಣಗೆ ಕಂಡದ್ದು ಬರೀ ಮಸುಕಿನಿಂದ. ಇದೇ 24 ಮೈಕ್ರಾನ್ ಕ್ಯಾಮರಾದಿಂದ ಕ್ಷೀರಪಥದ ನಡುಭಾಗದಲ್ಲಿ 416 ಚಿಕ್ಕ ರಿಂಗ್ ಮತ್ತು ತಟ್ಟೆಗಳನ್ನು 2010ರಲ್ಲಿ ಪಟ್ಟಿ ಮಾಡಿದರು. ಅದೇ ವರ್ಷ ಇನ್ನೊಂದು ತಂಡ 62 ಚಿಪ್ಪುಗಳನ್ನು ಆರಿಸಿ, ಅವುಗಳ ನಡುವಿನ ನಕ್ಷತ್ರಗಳ ರೋಹಿತ ತೆಗೆಯಲು ಹೊರಟಿತು. ಭಾರಿ ನಕ್ಷತ್ರಗಳು ಧೂಳಿನ ಹಿಂದೆ ಅಡಗಿರುತ್ತವೆ, ಅವುಗಳನ್ನು ತೋರಿಸಿಕೊಡುವುದು ಈ ರಿಂಗ್‌ಗಳೇ. ಅದಕ್ಕೇ ನಾನು ಸುಳ್ಳು ರಿಂಗ್ ಬಗ್ಗೆ ಇಷ್ಟು ಬರೆದದ್ದು.

10. ಸೆಪ್ಟೆಂಬರ್: ಪ್ರಿಂಟ್

ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ ಕುಶಾಲನಗರದ ಒಂದು ಸ್ಟುಡಿಯೋಗೆ ಕೊಟ್ಟೆ. 12 ಇಂಚು ಚೌಕ, ಮ್ಯಾಟ್ ಪೇಪರ್. 12 ಆರ್ಕ್‌ಮಿನಿಟ್‌ಗೆ 12 ಇಂಚು, ಅಂದರೆ 6 ಆರ್ಕ್‌ಸೆಕೆಂಡಿನ ಒಂದು ವಿವರ ಪೇಪರ್ ಮೇಲೆ ಎರಡೂವರೆ ಮಿಲಿಮೀಟರ್. ಮೂಗು ತಾಗಿಸಿ ನೋಡಿದರೆ ಮಸುಕು, ಎರಡು ಮೀಟರ್ ದೂರದಿಂದ ಸರಿ. ಇದಕ್ಕಿಂತ ದೊಡ್ಡದು ಮಾಡಿಸಿದರೆ ದುಡ್ಡು ದಂಡ. ಗಿಂಪ್‌ನಲ್ಲಿ 3000 ಪಿಕ್ಸೆಲ್‌ಗೆ ಹಿಗ್ಗಿಸಿದೆ.

ಮೊದಲ ಪ್ರಿಂಟ್ ಆಗಲಿಲ್ಲ. ಸ್ಕ್ರೀನಿನಲ್ಲಿ ಕಾಣುತ್ತಿದ್ದ ಎಳೆಗಳು ಪೇಪರ್ ಮೇಲೆ ಇರಲೇ ಇಲ್ಲ. ಸ್ಟುಡಿಯೋದವರೇ ಹೇಳಿದರು, “ಸಾರ್, ಬರೀ ಕೆಂಪು ಇಷ್ಟು ಜಾಸ್ತಿ ಇದ್ರೆ ಪೇಪರಲ್ಲಿ ಒಂದೇ ಮುದ್ದೆ ಆಗುತ್ತೆ. ಸ್ವಲ್ಪ ಹಳದಿ ಸೇರಿಸ್ಕೊಂಡು ತನ್ನಿ.” ಹಾಗೇ ಮಾಡಿದೆ. 24 ಮೈಕ್ರಾನ್‌ಗೆ ಅಪ್ಪಟ ಕೆಂಪಿನ ಬದಲು ಕಿತ್ತಳೆಯಿಂದ ಹೊನ್ನಿನ ಬಣ್ಣಕ್ಕೆ ಏರುವ ಛಾಯೆ ಕೊಟ್ಟೆ. ಬಣ್ಣ ಹೇಗೂ ನಾವು ಕೊಟ್ಟದ್ದೇ, ಈ ಬೆಳಕಿಗೆ ಕಣ್ಣಿಗೆ ಕಾಣುವ ಬಣ್ಣ ಇಲ್ಲ. ಪೂರ್ತಿ ಪ್ರಿಂಟಿಗೆ ಮೊದಲು ರಿಂಗಿನ ಒಂದು ತುಂಡನ್ನು ಐದು ಬೇರೆ ಬೇರೆ ಬ್ರೈಟ್‌ನೆಸ್‌ನಲ್ಲಿ ಒಂದೇ ಪಟ್ಟಿಯಲ್ಲಿ ಪ್ರಿಂಟ್ ಮಾಡಿಸಿ, ಶಾಲೆಯ ಕೊಠಡಿಯ ಟ್ಯೂಬ್‌ಲೈಟಿನ ಕೆಳಗೇ ಇಟ್ಟು ಆರಿಸಿದೆವು. ಗಾಮಾ 1.25 ಮಾಡಿದ್ದು ಗೆದ್ದಿತು.

ಪಟ್ಟಿ 80 ರೂಪಾಯಿ, ಪ್ರಿಂಟ್ ಎರಡು ಸಲ ಸೇರಿ 700, ಫ್ರೇಮ್ 650. ರ‍್ಯಾಮ್ ಸೇರಿಸಿದರೆ ಒಟ್ಟು 2,730.

ಫ್ರೇಮ್ ಹಾಕಿಸುವಾಗ ಎರಡು ವಿಷಯ ಹೇಳಿ ಮಾಡಿಸಿದೆ. ಗಾಜಿಗೆ ಪ್ರಿಂಟ್ ಅಂಟಬಾರದು, ನಡುವೆ ಮೌಂಟ್ ಬೋರ್ಡ್ ಬೇಕು. ಹಿಂದೆ ನಾಲ್ಕು ಮೂಲೆಗೂ ಅರ್ಧ ಇಂಚಿನ ಕಾರ್ಕ್ ತುಂಡು, ಗೋಡೆ ಮತ್ತು ಫ್ರೇಮ್ ನಡುವೆ ಗಾಳಿ ಆಡಬೇಕು. ನಮ್ಮ ಕಡೆಯ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಹಾಗೇ ಒರಗಿಸಿದರೆ ಮುಂದಿನ ಆಗಸ್ಟ್‌ಗೆ ಪ್ರಿಂಟಿನ ಮೇಲೆ ಬೂಷ್ಟಿನ ರಿಂಗ್ ಬರುತ್ತದೆ.

11. ಬಾಕಿ ಇರುವುದು

ಹೊರಗಿನ ಎರಡನೆಯ ಚಿಪ್ಪು. ಸ್ಪಿಟ್ಜರ್‌ನ 24 ಮೈಕ್ರಾನ್ ಗ್ರಾಫಿನಲ್ಲಿ ಮೊದಲ ರಿಂಗಿನ ಹೊರಗೆ ಒಂದು ಸಣ್ಣ ಉಬ್ಬು ಇದೆ. ಆದರೆ ಹಿನ್ನೆಲೆಯ ಪಟ್ಟಿಯನ್ನು ಡಿಆರ್ 15ರ ಕಡೆಗೆ ಸ್ವಲ್ಪ ಹಿಗ್ಗಿಸಿದರೆ ಉಬ್ಬು ಚಪ್ಪಟೆಯಾಗುತ್ತದೆ. ಅದಕ್ಕೇ ಪ್ರಿಂಟಿನಲ್ಲಿ ಅದನ್ನು ಗುರುತಿಸಿಲ್ಲ. ಮುಂದೆ ಮಾಡಬೇಕೆಂದಿರುವುದು ಹೀಗೆ: ವೃತ್ತವನ್ನು ನಾಲ್ಕು ಭಾಗ ಮಾಡಿ, ಡಿಆರ್ 15 ಇರುವ ಭಾಗವನ್ನು ಬಿಟ್ಟು, ಉಳಿದ ಮೂರಕ್ಕೂ ಬೇರೆ ಬೇರೆ ಗ್ರಾಫ್ ಹಾಕುವುದು. ಪ್ರತಿಯೊಂದಕ್ಕೂ ಹಿನ್ನೆಲೆಯ ಪಟ್ಟಿಯನ್ನು ಬದಲಿಸಿ ನೋಡುವುದು. ಮೂರರಲ್ಲೂ ಉಬ್ಬು ಒಂದೇ ದೂರದಲ್ಲಿ ನಿಂತರೆ ಪ್ರಿಂಟಿನ ಮೇಲಿನ ಗಾಜಿಗೆ ಚುಕ್ಕೆ ಗೆರೆಯ ಒಂದು ಪಾರದರ್ಶಕ ಹಾಳೆ ಅಂಟಿಸುತ್ತೇವೆ. ಗ್ರಾಫ್ ಹಾಕುವ ಕೆಲಸ ಈಗ ಹುಡುಗಿಯ ಕೈಯಲ್ಲಿದೆ, ಪರೀಕ್ಷೆ ಮುಗಿದ ಮೇಲೆ ಶುರು.